ಒಬ್ಬರೇ ಇದ್ದಾಗ ಕೇಳುವ ಪ್ರಶ್ನೆ

ಜನವರಿ ೩, ಬುಧವಾರ

ಈ ಡೈರಿ ಬ್ಯಾಂಕಿನವರು ಅತ್ತೆಗೆ ಪುಕ್ಕಟೆ ಕೊಟ್ಟದ್ದು. ಅವಳು ಅದನ್ನು ನನ್ನ ತಟ್ಟೆಯ ಪಕ್ಕಕ್ಕೆ ಎಸೆದು, "ತಗೋಳೋ ಪುಕ್ಕಲಾ, ನಿನ್ನ ಹೆದರಿಕೆ ಎಲ್ಲಾ ಇದ್ರಲ್ಲಿ ಬರ್ಕೋ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದೋಯ್ತು" ಎಂದಳು. ನಲವತ್ತಾರು ವರ್ಷದ ಗಂಡಸನ್ನು ಪುಕ್ಕಲ ಎಂದು ಕರೆಯುವ ಹಕ್ಕು ಈ ಲೋಕದಲ್ಲಿ ಅವಳೊಬ್ಬಳಿಗೇ ಇದೆ. ಅಪ್ಪನ ಅಕ್ಕ ಅವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದ ಮೇಲೆ ನನ್ನನ್ನು ಸಾಕಿದವಳು. ನಾವಿಬ್ಬರೂ ಇರುವ ಈ ಮೂರನೇ ಮಹಡಿಯ ಮನೆ ಕೂಡ ಅವಳದೇ, ಹೊಲಿಗೆ ಅಂಗಡಿಯ ದುಡಿಮೆಯಲ್ಲಿ ಕೊಂಡದ್ದು.

ಸರಿ, ಇವತ್ತಿನ ಹೆದರಿಕೆ ಏನೆಂದರೆ ಸರ್ಕಾರ ನಮ್ಮ ಆಫೀಸಿಗೆ ಕೊಡುತ್ತಿದ್ದ ಅನುದಾನ ನಿಲ್ಲಿಸಿದೆ. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಮ್ಮ ದುಡ್ಡು, ಮನೆ ತಾವೇ ನೋಡಿಕೊಳ್ಳಲಾಗದ ಜನರನ್ನು ಕೋರ್ಟು ನಮ್ಮ ಪಬ್ಲಿಕ್ ಟ್ರಸ್ಟಿ ಕಚೇರಿಯ ಕೈಗೆ ಒಪ್ಪಿಸುತ್ತದೆ. ಅವರಿಗೆ ಆಶ್ರಿತರು ಎನ್ನುತ್ತೇವೆ. ಅವರ ಆಸ್ತಿ ಕಾಯ್ದದ್ದಕ್ಕೆ ವರ್ಷಕ್ಕೊಮ್ಮೆ ಅವರ ಹಣದಿಂದ ಫೀ ಮುರಿದುಕೊಳ್ಳುತ್ತೇವೆ. ಇನ್ನು ಮೇಲೆ ಸಂಬಳ, ಬಾಡಿಗೆ, ಲೈಟು ಬಿಲ್ಲು ಎಲ್ಲಾ ಆ ಫೀಯಿಂದಲೇ ತೂಗಬೇಕು. ಆದರೆ ಹಳೆಯ ನಿಯಮ ಒಂದಿದೆ: ಆಫೀಸಿನವರೊಬ್ಬರು ಹೋಗಿ, ಆಶ್ರಿತರನ್ನು ಅವರೊಬ್ಬರೇ ಇರುವಾಗ ಕಂಡು ಮಾತಾಡಿಸಿ ಬರದೆ ಆ ವರ್ಷದ ಫೀ ಮುಟ್ಟುವ ಹಾಗಿಲ್ಲ. ಭೇಟಿಗೆ ಹೋಗುವವರ ಹುದ್ದೆಗಳು ಅರ್ಧಕ್ಕರ್ಧ ಖಾಲಿ. ಮಾರ್ಚ್ ಕೊನೆಯೊಳಗೆ ಎಲ್ಲರನ್ನೂ ಕಾಣದಿದ್ದರೆ ವಾರ್ಷಿಕ ವರದಿಯಲ್ಲಿ ಕೊರತೆ. ಕೊರತೆ ಬಂದರೆ ಆಫೀಸೇ ಇರುವುದಿಲ್ಲ.

"ಲೆಕ್ಕದ ವಿಭಾಗದೋರೂ ಭೇಟಿಗೆ ಹೋಗ್ಬೇಕು" ಎಂದು ಸಾಹೇಬರು ನೇರವಾಗಿ ನನ್ನನ್ನೇ ನೋಡಿದರು. ಲೆಕ್ಕ ನನಗೆ ಗೊತ್ತು, ವರದಿ ಬರೆಯುವುದು ಗೊತ್ತು. ಗೊತ್ತಿಲ್ಲದವರ ಮನೆಯ ಬಾಗಿಲು ತಟ್ಟುವುದು ನನ್ನಿಂದಾಗದ ಕೆಲಸ.

"ಅವರ ದುಡ್ಡಲ್ಲೇ ಅವರನ್ನ ನೋಡೋಕೆ ಹೋಗ್ತೀರಿ, ಚೆನ್ನಾಗಿದೆ" ಎಂದು ಅತ್ತೆ ನಕ್ಕಳು. "ಹೋಗೋ, ನಾಲ್ಕು ಜನರ ಮುಖ ನೋಡು. ಯಾರೂ ನಿನ್ನ ಕಚ್ಚಲ್ಲ." ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿದೆ. ಏಪ್ರಿಲ್‌ನಲ್ಲಿ ಕೆಳಮನೆಯ ಟೀಚರ ಜೊತೆ ಸಮುದ್ರ ನೋಡಲು ಹೋಗುವಳಂತೆ. "ಎಪ್ಪತ್ತೆರಡು ವರ್ಷ ಬರೀ ಬಟ್ಟೆ ನೋಡಿದೀನಿ ಕಣೋ. ಒಂದ್ಸಲ ಅಷ್ಟು ನೀರು ನೋಡ್ಬೇಕು." ಚಿಂತೆ ಇಲ್ಲದವಳಿಗೆ ಸಂತೆಯಲ್ಲೂ ನಿದ್ದೆ. ನನಗೆ ಹಾಸಿಗೆಯಲ್ಲೂ ಇಲ್ಲ.

ಜನವರಿ ೧೧, ಗುರುವಾರ

ಮೊದಲ ಭೇಟಿ. ಪುಣ್ಯಕ್ಕೆ ಅಕ್ಕ ಜೊತೆಗಿದ್ದರು. ಭೇಟಿ ವಿಭಾಗದ ಹಿರಿಯರು. ಸಾಹೇಬರಿಗೂ ಜವಾನನಿಗೂ ಅವರು ಅಕ್ಕನೇ. ಮುಂದಿನ ವರ್ಷ ನಿವೃತ್ತಿ.

ಆಶ್ರಿತರು ಮೊದಲು ವಾಚು ರಿಪೇರಿ ಮಾಡುತ್ತಿದ್ದ ಮುದುಕರು. ಅಣ್ಣನ ಮಗನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಅಕ್ಕ ಮನೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ಕುರ್ಚಿ ಬಿಟ್ಟು ಅವರ ಮಂಚದ ಪಕ್ಕ ನೆಲದ ಮೇಲೆ ಕೂತರು. ಕೇಳಿದ್ದು ಒಂದೇ ಪ್ರಶ್ನೆ. "ನಿಮಗೆ ಏನಾದ್ರೂ ಬೇಕಾ?"

"ಏನೂ ಬೇಡಮ್ಮ, ಎಲ್ಲಾ ಚೆನ್ನಾಗಿದೆ" ಎಂದರು ಮುದುಕರು. ನಾನು ಬರೆದುಕೊಂಡು ಏಳಲು ಹೋದೆ. ಅಕ್ಕ ಕೈಸನ್ನೆಯಲ್ಲೇ ಕೂರಿಸಿದರು. ಕೂತೆವು, ಕೂತೇ ಇದ್ದೆವು. ಎಷ್ಟೋ ಹೊತ್ತಿನ ಮೇಲೆ ಮುದುಕರು, "ಒಂದು ಕನ್ನಡಿ ಬೇಕಿತ್ತು. ಮುಖ ಹೆಂಗಾಗಿದೆ ಅಂತಾನೇ ಮರೆತೋಗಿದೆ" ಎಂದರು.

ಹೊರಗೆ ಬಂದ ಮೇಲೆ ಅಕ್ಕ ಹೇಳಿದರು: "ಪ್ರಶ್ನೆ ಯಾರ್ ಬೇಕಾದ್ರೂ ಕೇಳ್ತಾರೆ. ಕೇಳಿದ್ಮೇಲೆ ಬಾಯಿ ಮುಚ್ಕೊಂಡು ಕೂರೋದೇ ನಮ್ಮ ಕೆಲಸ. ಮೊದಲನೇ ಉತ್ತರ ಮರ್ಯಾದೆಗೆ ಕೊಡೋದು."

ಆದರೆ ನನ್ನನ್ನು ಕಾಡುತ್ತಿರುವುದು ಕನ್ನಡಿಯಲ್ಲ. ಆ ಮುದುಕರಿಗೆ ಸ್ವಂತ ಮನೆ ಇತ್ತಂತೆ. ಇಸ್ಪೀಟಾಡಲು ದಿನಾ ಬರುತ್ತಿದ್ದ ಸ್ನೇಹಿತ ನಗುನಗುತ್ತಲೇ ಮನೆ ಬರೆಸಿಕೊಂಡು ಹೋದನಂತೆ. ಮನೆಗೆ ಬಂದು ನೋಡಿದರೆ ಅತ್ತೆಯೂ ಕೆಳಮನೆಯ ಟೀಚರೂ ಊಟದ ಮೇಜಿನ ಮೇಲೆ ಇಸ್ಪೀಟು ಹರಡಿಕೊಂಡು ನಗುತ್ತಿದ್ದಾರೆ! ಟೀಚರ ನಗು ಸ್ವಲ್ಪ ಜಾಸ್ತಿಯೇ ಆಯಿತು ಎನಿಸಿತು. ಅತ್ತೆಯ ಬ್ಯಾಂಕಿನ ಪುಸ್ತಕವನ್ನು ನನ್ನ ಬೀರುವಿಗೆ ತಂದಿಟ್ಟೆ. ಅವಳಿಗೆ ಹೇಳಲಿಲ್ಲ, ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾಳೆ.

ಜನವರಿ ೧೯, ಶುಕ್ರವಾರ

ಇವತ್ತು ಒಬ್ಬನೇ ಹೋಗಿದ್ದೆ. ಆಶ್ರಿತ ಹೆಂಗಸಿಗೆ ಎರಡೂ ತೋಳು ಮೊಣಕೈವರೆಗೆ ಸುಟ್ಟ ಗಾಯ. ಹಾಲಿಟ್ಟು ಮಲಗಿದ್ದರಂತೆ. ಗ್ಯಾಸು ಮನೆ ತುಂಬಿ, ಎದ್ದು ಲೈಟು ಹಾಕಿದ್ದೇ ತಡ, ಅಡುಗೆಮನೆಯ ಗೋಡೆಯೇ ಇರಲಿಲ್ಲವಂತೆ. ಏನು ಬೇಕು ಎಂದು ಕೇಳಿದರೆ ಉದ್ದ ತೋಳಿನ ರವಿಕೆ ಬೇಕೆಂದರು. ಬರೆದುಕೊಳ್ಳುವಾಗ ನನ್ನ ಅಕ್ಷರ ನನಗೇ ಓದಲಾಗಲಿಲ್ಲ.

ದೇವರೇ, ಮನೆಗೆ ಬಂದರೆ ಮೆಟ್ಟಿಲ ಮೇಲೇ ಗ್ಯಾಸಿನ ವಾಸನೆ! ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಟೀ ಉಕ್ಕಿ ಒಲೆ ಆರಿಹೋಗಿತ್ತು. ಅತ್ತೆ ಬಚ್ಚಲಲ್ಲಿ ಹಾಡು ಹೇಳಿಕೊಂಡು ಬಟ್ಟೆ ಒಗೆಯುತ್ತಿದ್ದಳು. ಕಿಟಕಿ ತೆರೆದು, ಸಿಲಿಂಡರು ಮುಚ್ಚಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಒದ್ದೆ ಕೈಯಲ್ಲೇ ನನ್ನ ತಲೆ ಸವರಿ, "ಆಯ್ತು ಬಿಡೋ, ಏನೂ ಆಗ್ಲಿಲ್ವಲ್ಲ. ಮರೆವು ಯಾರಿಗಿಲ್ಲ? ನೀನು ಮೊನ್ನೆ ನಲ್ಲಿ ಬಿಟ್ಟು ಹೋಗಿರ್ಲಿಲ್ವಾ?" ಎಂದಳು.

ನಲ್ಲಿಯಿಂದ ಗೋಡೆ ಹಾರಿಹೋಗುವುದಿಲ್ಲ. ರೆಗ್ಯುಲೇಟರು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಇನ್ನು ದಿನಾ ಆಫೀಸಿಗೆ ಒಯ್ಯುತ್ತೇನೆ. ಬೆಳಿಗ್ಗೆಯೇ ಅಡುಗೆ ಮಾಡಿಟ್ಟರಾಯಿತು.

ಜನವರಿ ೩೦, ಮಂಗಳವಾರ

ಭೇಟಿಗಳು ಅರ್ಧಕ್ಕೂ ಬಂದಿಲ್ಲ. ಸಾಹೇಬರು ಗೋಡೆಗೆ ಒಂದು ಪಟ್ಟಿ ಅಂಟಿಸಿ ಸಂಜೆ ಸಂಜೆ ಅದರ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. ವರದಿಗೆ ಆಶ್ರಿತರ ಉತ್ತರಗಳನ್ನು ಒಟ್ಟು ಮಾಡುತ್ತಿದ್ದೇನೆ. ಚಪ್ಪಲಿ, ಹೊಸ ಹಲ್ಲು, ಮಗನ ಫೋನು, ಪಕ್ಕದ ಹಾಸಿಗೆಯವನ ಗೊರಕೆ ನಿಲ್ಲಿಸುವುದು. ಒಬ್ಬಾಕೆ, "ನಿಮ್ಮ ಸಾಹೇಬ್ರನ್ನ ನೋಡ್ಬೇಕು, ನನ್ನ ದುಡ್ಡಲ್ಲಿ ಎಷ್ಟು ದಪ್ಪ ಆಗಿದಾರೆ ಅಂತ" ಎಂದಿದ್ದರು. ವರದಿಯಲ್ಲಿ ಇದೆಲ್ಲ ಸೇರಿ "ಕೋರಿಕೆಗಳು: ಸಾಮಾನ್ಯ" ಎಂದಾಗುತ್ತದೆ.

ಅತ್ತೆಗೆ ರೆಗ್ಯುಲೇಟರಿನ ಸಿಟ್ಟು ಇಳಿದಿಲ್ಲ. "ಏನೋ, ಆಫೀಸಲ್ಲಿ ಅದಕ್ಕೂ ಒಂದು ಕುರ್ಚಿ ಹಾಕಿದಾರಾ? ಸಂಬಳ ಎಷ್ಟು?" ಎಂದಳು. ಟೀಚರ ಮನೆಗೆ ಹೋಗಿ ಟೀ ಕುಡಿದು ಬರುತ್ತಾಳಂತೆ. ಅದೂ ನನಗೆ ಸರಿ ಕಾಣುತ್ತಿಲ್ಲ. ಮೂರು ಮಹಡಿಯ ಮೆಟ್ಟಿಲು, ಮಬ್ಬು ಬೆಳಕು, ಅವಳ ಕನ್ನಡಕವೋ ಹಳೆಯದು.

ಫೆಬ್ರವರಿ ೬, ಮಂಗಳವಾರ

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಬೆಳಿಗ್ಗೆಯ ಭೇಟಿ ಆಸ್ಪತ್ರೆಯಲ್ಲಿ. ಆಶ್ರಿತೆ ಒಂದು ದಿನ ಮನೆಯಿಂದ ಹೊರಟು, ಬಸ್ಸು ತಪ್ಪಿ, ದಾರಿ ತಪ್ಪಿ, ಮೂರನೇ ದಿನ ರೈಲುಹಳಿಯ ಪಕ್ಕ ಸಿಕ್ಕರಂತೆ. ಒಂದು ಕಾಲು ತೆಗೆದಿದ್ದಾರೆ. ಆಕೆಯ ಮಗಳು ಹೊರಗಿನ ಬೆಂಚಿನಲ್ಲಿ ಕೂತು ಗೋಡೆ ನೋಡುತ್ತಿದ್ದಳು. "ಬಾಗಿಲು ಹಾಕ್ಕೊಂಡು ಹೋಗಿದ್ರೆ ಸಾಕಿತ್ತು ಸಾರ್" ಎಂದಳು.

ಸಂಜೆ ಮನೆಗೆ ಬಂದರೆ ಅತ್ತೆ ಇಲ್ಲ. ಟೀಚರ ಮನೆಗೆ ಬೀಗ. ಅಂಗಡಿ ಬೀದಿ, ಔಷಧಿ ಅಂಗಡಿ, ಬಸ್ ನಿಲ್ದಾಣ ಎಲ್ಲ ಸುತ್ತಿದೆ. ಗೊತ್ತಿಲ್ಲದವರನ್ನೆಲ್ಲ ತಡೆದು ಕೇಳಿದೆ, ನಾನು! ರೈಲು ಕೂಗಿದ್ದು ಕೇಳಿ ಬೀದಿಯ ನಡುವೆ ನಿಂತು ಅತ್ತುಬಿಟ್ಟೆ. ಕತ್ತಲಾಗುವ ಹೊತ್ತಿಗೆ ಇಬ್ಬರೂ ಕೈ ಹಿಡಿದುಕೊಂಡು ನಗುತ್ತಾ ಬಂದರು. ಸಮುದ್ರಕ್ಕೆ ಟಿಕೆಟು ಮಾಡಿಸಲು ಹೋಗಿದ್ದರಂತೆ.

"ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು ನಿಂಗೆ? ಎಲ್ಲಾದ್ರೂ ಬಿದ್ದು ಸತ್ತಿದ್ರೆ?" ಎಂದು ಕಿರುಚಿದೆ. ಮೆಟ್ಟಿಲ ಮೇಲೆ, ಎಲ್ಲರ ಬಾಗಿಲಿಗೂ ಕೇಳುವ ಹಾಗೆ. ನನ್ನ ಜೀವಮಾನದಲ್ಲಿ ಅತ್ತೆಯ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಅವಳು ತಿರುಗಿ ಬೈಯಲಿಲ್ಲ. ಟೀಚರಿಗೆ "ನಾಳೆ ಸಿಗ್ತೀನಿ ಕಣೇ" ಎಂದು ಒಳಗೆ ಹೋದಳು.

ಫೆಬ್ರವರಿ ೮, ಗುರುವಾರ

ಹೊರಗಿನಿಂದ ಬೀಗ ಹಾಕಿ ಬಂದೆ. ಆಫೀಸಿನ ಹೊತ್ತು ಮಾತ್ರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನು ನಾನಲ್ಲ.

ಟೀಚರಿಗೆ, ಡಾಕ್ಟರು ಅತ್ತೆಗೆ ವಿಶ್ರಾಂತಿ ಹೇಳಿದ್ದಾರೆ, ಸ್ವಲ್ಪ ದಿನ ಬರಬೇಡಿ ಎಂದೆ. ಪೂರ್ತಿ ಸುಳ್ಳೇನಲ್ಲ. ಕೇಳಿದ್ದರೆ ಯಾವ ಡಾಕ್ಟರಾದರೂ ಅದನ್ನೇ ಹೇಳುತ್ತಿದ್ದರು.

ಫೆಬ್ರವರಿ ೧೬, ಶುಕ್ರವಾರ

ಇವತ್ತು ಅಕ್ಕನ ಜೊತೆ ಒಂದು ದೊಡ್ಡ ಮನೆಗೆ ಹೋಗಿದ್ದೆ. ಆಶ್ರಿತರು ನಿವೃತ್ತ ನರ್ಸು. ನೋಡಿಕೊಳ್ಳುವವನು ತಂಗಿಯ ಗಂಡ. ಎಂಥ ಒಳ್ಳೆಯ ಮನುಷ್ಯ! ಮನೆ ಕನ್ನಡಿಯಂತಿತ್ತು. ಔಷಧಿಗಳಿಗೆ ಹೊತ್ತು ಬರೆದಿಟ್ಟಿದ್ದ. ನಮಗೆ ತಾನೇ ಟೀ ಮಾಡಿಕೊಟ್ಟ. ಆಕೆಯ ಒಳ್ಳೆಯದಕ್ಕೆ ತಾನು ಏನೇನು ಬಿಟ್ಟೆ ಎಂದು ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ನನಗೂ ಆಯಿತು. ಆಕೆ ಶುಭ್ರವಾದ ಸೀರೆಯುಟ್ಟು ಕೂತಿದ್ದರು. ಅಕ್ಕ ಎಷ್ಟು ಹೊತ್ತು ಸುಮ್ಮನೆ ಕೂತರೂ ಎರಡನೇ ಉತ್ತರ ಬರಲಿಲ್ಲ. ಬಾಗಿಲಿನ ಕಡೆ ನೋಡುತ್ತಿದ್ದರು ಅಷ್ಟೆ.

ಬಸ್ಸಿನಲ್ಲಿ ಅಕ್ಕ ಕೇಳಿದರು, "ಕಿಟಕಿ ನೋಡಿದ್ರಾ? ಮೊಳೆ ಹೊಡೆದಿದಾನೆ."

"ಅವರು ಬಿದ್ದುಗಿದ್ದಾರು ಅಂತ ಇರ್ಬೇಕು ಅಕ್ಕ. ಅವನಿಗೂ ಭಯ ಇರುತ್ತಲ್ಲ?" ಎಂದೆ.

"ಭಯ ಇರೋರೇ ರೀ ಮೊಳೆ ಹೊಡೆಯೋದು. ಕೆಟ್ಟೋರು ಅಷ್ಟೆಲ್ಲಾ ಕಷ್ಟ ಪಡಲ್ಲ" ಎಂದು ಅಕ್ಕ ಕಿಟಕಿಯಾಚೆ ನೋಡುತ್ತ ಕೂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾಕೆ ಬೆವರಿದೆನೋ ಗೊತ್ತಿಲ್ಲ. ಅಕ್ಕ ಆಫೀಸಿಗೆ ಬಂದವರೇ ಆ ನರ್ಸನ್ನು ಅಲ್ಲಿಂದ ಬಿಡಿಸಬೇಕೆಂದು ಸಾಹೇಬರಿಗೆ ಬರೆದರು. ಅಕ್ಕನಿಗೂ ವಯಸ್ಸಾಯಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿ ಮಾಡಿ ಒಳ್ಳೆಯವರೂ ಅವರ ಕಣ್ಣಿಗೆ ಕಳ್ಳರಂತೆ ಕಾಣುತ್ತಾರೆ.

ಬರುವ ದಾರಿಯಲ್ಲಿ ಮೊಳೆ ತಂದೆ. ನಮ್ಮದು ಮೂರನೇ ಮಹಡಿ.

ಫೆಬ್ರವರಿ ೨೬, ಸೋಮವಾರ

ಮೊಳೆ ಹೊಡೆದದ್ದು ಒಳ್ಳೆಯದೇ ಆಯಿತು. ಅದಕ್ಕೂ ಮುಂಚೆ ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೆಳಗಿದ್ದ ಟೀಚರ ಜೊತೆ ಕೂಗಿ ಮಾತಾಡುತ್ತಿದ್ದಳೆಂದು ಎದುರು ಮನೆಯವರು ಹೇಳಿದರು.

ಪೇಪರನ್ನೂ ನಿಲ್ಲಿಸಿದ್ದೇನೆ. ಅದರಲ್ಲಿ ಇರುವುದು ಎರಡೇ, ಕೊಲೆ ಮತ್ತು ಪ್ರವಾಸದ ಜಾಹೀರಾತು.

ನಾನು ಸುತ್ತಿಗೆ ಹಿಡಿದಿದ್ದಾಗ ಅತ್ತೆ ಹಿಂದೆ ನಿಂತು, "ನಾನು ಏನೋ ಮಾಡಿದೆ?" ಎಂದು ಕೇಳಿದಳು. ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳುವವಳ ಹಾಗೆ. ಇವಳಿಗೆ ಹೇಗೆ ಹೇಳಲಿ? ಅಪ್ಪ ಅಮ್ಮ ಹೋದ ವರ್ಷ ನಾನು ಶಾಲೆಗೆ ಹೋಗಲು ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ. ಅತ್ತೆ ಅಂಗಡಿ ಮುಚ್ಚಿ, ಕಿಟಕಿಯಿಂದ ನನಗೆ ಕಾಣುವ ಹಾಗೆ ಗೇಟಿನ ಕಲ್ಲಿನ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿರುತ್ತಿದ್ದಳು. ಇವಳಿಗೇನಾದರೂ ಆದರೆ ನಾನು ಯಾರ ಮುಖ ನೋಡಿ ಬದುಕಬೇಕು? ಇವಳ ಮೇಲೆ ನನಗೆ ಪ್ರಾಣ. ಅದನ್ನೇ ಹೇಳಬೇಕೆಂದಿದ್ದೆ. "ಬಾಯಲ್ಲಿ ಮೊಳೆ ಇದೆ, ಆಮೇಲೆ ಹೇಳ್ತೀನಿ" ಎಂದೆ.

ಮಾರ್ಚ್ ೫, ಮಂಗಳವಾರ

ಟೀಚರು ಇವತ್ತು ಮೆಟ್ಟಿಲಲ್ಲಿ ಅಡ್ಡ ಹಾಕಿದರು. "ಅವಳ ಟಿಕೆಟ್ ನನ್ನ ಹತ್ರಾನೇ ಇದೆ. ಅವಳನ್ನ ಒಂದ್ಸಲ ನೋಡ್ಬೇಕು, ಬಾಗಿಲು ತೆಗೀರಿ" ಎಂದರು. ಮಲಗಿದ್ದಾಳೆ ಎಂದೆ. "ಒಂದು ತಿಂಗಳಿಂದ ಮಲಗೇ ಇದಾಳಾ? ಹೀಗೇ ಆದ್ರೆ ನಾನು ಪೊಲೀಸ್ನೋರ ಹತ್ರ ಹೋಗ್ತೀನಿ, ನೋಡ್ತಿರಿ."

ನೋಡಿದಿರಾ! ಅತ್ತೆಯನ್ನು ನನ್ನಿಂದ ಕಿತ್ತುಕೊಂಡು ಹೋಗುವ ಹುನ್ನಾರ. ಇಸ್ಪೀಟಿನ ದಿನವೇ ನನಗೆ ಅನುಮಾನವಿತ್ತು. ಹೆದರಿ ಕೂತರೆ ಆಗದು ಎಂದು ಧೈರ್ಯ ಮಾಡಿದೆ. ಅತ್ತೆಯ ಹೊಣೆಯನ್ನು ಕಾನೂನಿನ ಪ್ರಕಾರ ನನಗೇ ಕೊಡಿ, ಅವಳ ಮನೆ ಮತ್ತು ಹಣ ನಮ್ಮ ಆಫೀಸಿನ ರಕ್ಷಣೆಯಲ್ಲಿರಲಿ ಎಂದು ಅರ್ಜಿ ಬರೆದೆ. ಆಮೇಲೆ ಯಾವ ಟೀಚರೂ, ಯಾವ ಪೊಲೀಸೂ ಅವಳನ್ನು ಮುಟ್ಟುವ ಹಾಗಿಲ್ಲ.

ಡಾಕ್ಟರನ್ನು ಮನೆಗೇ ಕರೆಸಿದ್ದೆ. ಅವರು ಅತ್ತೆಗೆ ಇವತ್ತು ಯಾವ ವಾರ, ತಾರೀಖು ಎಷ್ಟು, ಹೊರಗೆ ಬಿಸಿಲಿದೆಯಾ ಎಂದೆಲ್ಲ ಕೇಳಿದರು. ಪಾಪ, ಒಂದಕ್ಕೂ ಸರಿಯಾಗಿ ಹೇಳಲಿಲ್ಲ. ಎರಡು ತಿಂಗಳ ಹಿಂದೆ ಎಷ್ಟು ಚುರುಕಾಗಿದ್ದಳು! ಕಣ್ಣೆದುರೇ ಹೀಗೆ ಇಳಿದುಹೋದಳಲ್ಲ ಎಂದು ಸಂಕಟವಾಯಿತು. ಡಾಕ್ಟರು ಸಹಿ ಹಾಕಿದರು.

ಮಾರ್ಚ್ ೧೪, ಗುರುವಾರ

ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರ. ಸಾಹೇಬರೂ ನಕ್ಕರು. ಭೇಟಿಗಳು ಮುಗಿಯುತ್ತ ಬಂದಿವೆ. ಫೀ ಖರ್ಚಿಗೆ ಸರಿದೂಗುವಷ್ಟು ಆಗಿದೆ. ಆಫೀಸು ಉಳಿಯಿತು. ವರದಿಯ ಮೊದಲ ಪುಟಕ್ಕೆ "ಕಷ್ಟದ ವರ್ಷದಲ್ಲೂ ಯಾವ ಆಶ್ರಿತರನ್ನೂ ಕಾಣದೆ ಬಿಟ್ಟಿಲ್ಲ" ಎಂದು ಬರೆದೆ. ಸಾಹೇಬರಿಗೆ ಬಹಳ ಹಿಡಿಸಿತು.

ಮನೆಯೂ ಶಾಂತ. ಅತ್ತೆ ಈಗ ಹಟ ಮಾಡುವುದಿಲ್ಲ. ಪ್ರತಿಯೊಂದಕ್ಕೂ ಕೇಳುತ್ತಾಳೆ. "ಸ್ನಾನ ಮಾಡ್ಲಾ?" "ಲೈಟು ಹಾಕ್ಲಾ?" ಬೀಗ ತೆಗೆಯುವ ಸದ್ದಿಗೇ ಎದ್ದು ಗೋಡೆಗೆ ಒತ್ತಿ ನಿಂತು ನನಗೆ ದಾರಿ ಬಿಡುತ್ತಾಳೆ. ಪುಕ್ಕಲ ಎಂದು ಕರೆಯುವುದನ್ನೂ ನಿಲ್ಲಿಸಿದ್ದಾಳೆ. ಗೌರವ ಕೊನೆಗೂ ಬಂತು. ಆ ಸಮುದ್ರದ ಸುದ್ದಿಯನ್ನಂತೂ ಎತ್ತುವುದೇ ಇಲ್ಲ. ನನಗೇ ಪಾಪ ಅನಿಸಿ, "ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನಿ ಅತ್ತೆ" ಎಂದೆ. "ಹೂಂ, ನೀನು ಹೇಳಿದ ಹಾಗೆ" ಎಂದಳು.

ಸ್ವಲ್ಪ ಸೊರಗಿದ್ದಾಳೆ. ಹಣ್ಣು ತರಬೇಕು.

ಮಾರ್ಚ್ ೨೨, ಶುಕ್ರವಾರ

ಅರ್ಜಿ ಮುಂದೆ ಹೋಗಬೇಕಾದರೆ ಭೇಟಿ ಆಗಲೇಬೇಕು. ಆಫೀಸಿನವರ ನೆಂಟರಾದ್ದರಿಂದ ಹಿರಿಯರೇ ಬರಬೇಕಂತೆ. ಅಂದರೆ ಅಕ್ಕ. ಸೋಮವಾರ. ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಅಕ್ಕ ಹಗ್ಗವನ್ನೂ ಹಾವು ಎನ್ನುವವರು.

ಕಿಟಕಿಯ ಮೊಳೆ ಕಿತ್ತು ತೂತುಗಳಿಗೆ ಮೇಣ ತುಂಬಿದೆ. ರೆಗ್ಯುಲೇಟರು ಮತ್ತೆ ಹಾಕಿದೆ. ಅತ್ತೆಗೆ ಹೊಸ ಸೀರೆ ತಂದೆ. ಪಕ್ಕ ಕೂರಿಸಿಕೊಂಡು ನಿಧಾನಕ್ಕೆ ಹೇಳಿಕೊಟ್ಟೆ. "ಒಬ್ಬರು ಬರ್ತಾರೆ ಅತ್ತೆ. ಏನಾದ್ರೂ ಬೇಕಾ ಅಂತ ಕೇಳ್ತಾರೆ. ಏನೂ ಬೇಡ, ಚೆನ್ನಾಗಿ ನೋಡ್ಕೋತಾನೆ ಅನ್ನು. ಅಷ್ಟೇ. ಬೇರೆ ಏನಾದ್ರೂ ಹೇಳಿದ್ರೆ ನಿನ್ನ ಎಲ್ಲೋ ಕರ್ಕೊಂಡು ಹೋಗಿ ಹಾಕ್ತಾರೆ, ಗೊತ್ತಾಯ್ತಾ?"

"ಏನೂ ಬೇಡ. ಚೆನ್ನಾಗಿ ನೋಡ್ಕೋತಾನೆ" ಎಂದಳು. ಮತ್ತೆ ಹೇಳಿಸಿದೆ. ಮತ್ತೆ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಡಾಕ್ಟರು ಮರೆವು ಎಂದು ಬರೆದುಕೊಟ್ಟಿದ್ದಾರೆ, ಆದರೂ ಇದನ್ನು ಹೇಗೆ ನೆನಪಿಟ್ಟುಕೊಂಡಳು ನೋಡಿ.

ಮಾರ್ಚ್ ೨೫, ಸೋಮವಾರ

ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗುವ ಹಾಗಿಲ್ಲ. ಅಕ್ಕ ಮಧ್ಯಾಹ್ನವೇ ತುರ್ತು ಆದೇಶಕ್ಕೆ ಸಾಹೇಬರ ಸಹಿ ಮಾಡಿಸಿದರು. ನಾನು ಅತ್ತೆಯ ಹತ್ತಿರ ಸುಳಿಯಬಾರದಂತೆ. ಬೀಗದ ಕೈ ಕೇಳಿ ಇಸಿದುಕೊಂಡರು, ಒಂದು ಮಾತು ಬೈಯಲಿಲ್ಲ. ಟೀಚರು ಈಗ ಅವಳ ಜೊತೆಗಿದ್ದಾರೆ. ನನ್ನ ಬಟ್ಟೆಯ ಚೀಲವನ್ನು ಜವಾನನ ಕೈಯಲ್ಲಿ ಕಳಿಸಿದ್ದಾರೆ. ಮೇಜಿನ ಮೇಲೆ ವರದಿಯ ಕರಡು ಹಾಗೇ ಇದೆ. ಈ ವರ್ಷ ಹೊಸದಾಗಿ ರಕ್ಷಣೆಗೆ ಬಂದವರು ಎಂಬಲ್ಲಿ ಒಬ್ಬರನ್ನು ಸೇರಿಸಿ ಮತ್ತೆ ಕೂಡಬೇಕು. ಎಷ್ಟು ಸಲ ಕೂಡಿದರೂ ಮೊತ್ತ ತಾಳೆಯಾಗುತ್ತಿಲ್ಲ.

ಎಲ್ಲೋ ತಪ್ಪು ತಿಳಿವಳಿಕೆ ಆಗಿದೆ. ಆದದ್ದನ್ನು ಆದ ಹಾಗೇ ಬರೆದರೆ ಎಲ್ಲಿ ಎಂದು ತಿಳಿದೀತು.

ಅಕ್ಕ ಹತ್ತು ಗಂಟೆಗೆ ಬಂದರು. ಅತ್ತೆ ಹೊಸ ಸೀರೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಅಕ್ಕ ಕಿಟಕಿ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. "ನೀವು ಹೊರಗಿರಿ" ಎಂದರು. ಹೊರಗೆ ಬಂದೆ, ಬಾಗಿಲು ಹಾಕಿಕೊಂಡರು. ನಿಯಮದ ಪ್ರಕಾರ ನಾನು ಮೆಟ್ಟಿಲಿಳಿದು ಬೀದಿಗೆ ಹೋಗಬೇಕಿತ್ತು. ಆಗಲಿಲ್ಲ. ಅತ್ತೆ ಗಾಬರಿಯಾದರೆ ಕೈಗೆ ಸಿಗುವಷ್ಟು ಹತ್ತಿರವಿರಬೇಕು ಎನಿಸಿ ಬಾಗಿಲಿಗೆ ಕಿವಿಯಿಟ್ಟು ನಿಂತೆ.

"ನಿಮಗೆ ಏನಾದ್ರೂ ಬೇಕಾ?"

"ಏನೂ ಬೇಡ. ಚೆನ್ನಾಗಿ ನೋಡ್ಕೋತಾನೆ."

ಸದ್ಯ! ಈಗ ಅಕ್ಕ ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಒಳಗೆ ಸದ್ದಿಲ್ಲ. ಅಕ್ಕ ನೆಲದ ಮೇಲೆ ಕೂತಿರಬೇಕು. ಕೆಳಗೆ ಯಾರದೋ ಮನೆಯಲ್ಲಿ ನಲ್ಲಿ ಬಿಟ್ಟರು, ನಿಲ್ಲಿಸಿದರು. ಹೇಳಿದಳಲ್ಲ ಅಕ್ಕ, ಏಳಿ, ಏಳಿ ಎಂದು ಮನಸ್ಸಿನಲ್ಲೇ ಗೋಗರೆದೆ. ಆಗ ಅತ್ತೆಯ ದನಿ ಕೇಳಿತು. ತೀರಾ ಸಣ್ಣಗೆ. ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದವಳಿಗೆ ಇಷ್ಟು ಸಣ್ಣ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಈಗ ಬೇಡ ತಾಯಿ. ಅವನಿಲ್ಲದಾಗ ಬನ್ನಿ. ಈಗ ಬಾಗಿಲ ಹಿಂದೇನೇ ನಿಂತಿರ್ತಾನೆ."

ನನ್ನ ಅತ್ತೆ ಯಾರಿಗೂ ಹೆದರಿದವಳಲ್ಲ. ಅವಳನ್ನು ಈ ಗತಿಗೆ ತಂದವನು ಯಾವನು? ಇಷ್ಟು ಬೀಗ, ಇಷ್ಟು ಕಾವಲು ದಾಟಿ ನಮ್ಮ ಮನೆಯೊಳಗೆ ಹೇಗೆ ಬಂದ? ಮೆಲ್ಲಗೆ ಹಿಂದೆ ತಿರುಗಿ ನೋಡಿದೆ. ಬಾಗಿಲ ಹಿಂದೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.